ದಣಿವಾರಿಸುವ ಕಿರು ಉದ್ಯಮ

ಹಬ್ಬದ ಮುಂಜಾನೆ ಮೈಗೆ ಎಣ್ಣೆ ಹಚ್ಚಿ, ಸೀಗೆಪುಡಿಯಿಂದ ತಲೆ ತೊಳೆದು, ಹಂಡೆಯ ಬಿಸಿನೀರಿನಲ್ಲಿ ಮೀಯುವ ಅಭ್ಯಂಜನವು ಕನ್ನಡಿಗರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ನಗರದ ಧಾವಂತದಲ್ಲಿ ಸೀಗೆ ಕುಟ್ಟಲು, ಎಣ್ಣೆ ಕಾಯಿಸಲು ಬಿಡುವಿಲ್ಲದವರು ಇಂದು ಇವನ್ನು ಅಂಗಡಿಗಳಲ್ಲಿ ಅರಸುತ್ತಾರೆ. ಕೇಶತೈಲ, ಸ್ನಾನದ ಪುಡಿ, ಅಂಗಮರ್ದನ ಮೊದಲಾದವುಗಳ ಕಿರು ಉದ್ಯಮಕ್ಕೆ ಈ ಅಗತ್ಯವೇ ಆಧಾರ.

ಮುಂಬಯಿಯ ಮಾಟುಂಗ ಇದಕ್ಕೆ ಅನುಕೂಲವಾದ ನೆಲೆ. ದಕ್ಷಿಣ ಭಾರತೀಯರು ಬಹುಕಾಲದಿಂದ ನೆಲೆಸಿರುವ ಈ ಬಡಾವಣೆಯಲ್ಲಿ ಹೂವಿನಂಗಡಿಗಳಿವೆ, ಉಡುಪಿ ಭೋಜನಾಲಯಗಳಿವೆ. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಕೂಡ ಇಲ್ಲಿದೆ. ಎಣ್ಣೆ ಹಾಗೂ ಮಾರ್ಜಕಗಳ ತಂತ್ರಜ್ಞಾನವನ್ನು ಬೋಧಿಸುವ, 1933ರಲ್ಲಿ ಆರಂಭವಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೂ ಇದೇ ಪರಿಸರದಲ್ಲಿದೆ. ಆದರೆ ಗಿರಾಕಿಗಳೆಲ್ಲರೂ ಪರಿಚಿತರಾಗಿರುವ ಇಂತಹ ಸ್ಥಳದಲ್ಲಿ ಒಳ್ಳೆಯ ಹೆಸರು ಹರಡುವಷ್ಟೇ ಬೇಗ ಕೆಟ್ಟ ಹೆಸರೂ ಹರಡುತ್ತದೆ. ಆದುದರಿಂದ ಈ ಉದ್ಯಮದ ಮೊದಲ ಬಂಡವಾಳ ನಂಬಿಕೆ.

ಅಡಿಗೆಮನೆಯಲ್ಲಿ ಎಣ್ಣೆ ಕಾಯಿಸಿ, ಸೀಸೆಗೆ ತುಂಬಿ ಮಾರಿದರೆ ಸಾಕೆಂಬುದು ಅನೇಕರ ಭಾವನೆ. ಇದು ಸರಿಯಲ್ಲ. ಪ್ರಸಾಧನ ವಸ್ತುಗಳ ತಯಾರಿಕೆಗೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಅಧಿನಿಯಮ ಹಾಗೂ 2020ರ ನಿಯಮಗಳಂತೆ ರಾಜ್ಯದ ಪರವಾನಗಿ ಅಗತ್ಯ. ತಯಾರಿಕೆಯ ಸ್ಥಳವು ವಾಸದ ಮನೆಯಿಂದ ಪ್ರತ್ಯೇಕವಾಗಿರಬೇಕು. ಇಕ್ಕಟ್ಟಿನ ಮನೆಗಳಲ್ಲಿರುವವರು ಇದರಿಂದ ಎದೆಗುಂದಬೇಕಾಗಿಲ್ಲ. ಪರವಾನಗಿ ಪಡೆದ ತಯಾರಕರ ವಸ್ತುಗಳನ್ನು ಕೊಂಡು ಮಾರಬಹುದು. ಅಂತಹವರ ಕಾರ್ಖಾನೆಯಲ್ಲಿ ತಮ್ಮ ಹೆಸರಿನ ವಸ್ತುವನ್ನು ತಯಾರಿಸಿಕೊಳ್ಳಲೂ ನಿಯಮಗಳಲ್ಲಿ ಅವಕಾಶವಿದೆ. ಸೀಸೆಯ ಮೇಲಿನ ಚೀಟಿಯಲ್ಲಿ ಘಟಕಗಳು, ತಯಾರಕರ ವಿಳಾಸ, ತಯಾರಿಕೆಯ ದಿನಾಂಕ, ಬಳಕೆಯ ಅವಧಿ, ನಿವ್ವಳ ಪ್ರಮಾಣ ಮತ್ತು ಗರಿಷ್ಠ ಬೆಲೆ ಸ್ಪಷ್ಟವಾಗಿರಬೇಕು.

ತಲೆನೋವು, ಕೀಲುನೋವು, ನಿದ್ರಾಹೀನತೆಗಳನ್ನು ಗುಣಪಡಿಸುವುದಾಗಿ ಸಾರುವುದು ಮತ್ತೊಂದು ತಪ್ಪು. ಹಾಗೆ ಹೇಳಿದೊಡನೆ ಆ ವಸ್ತು ಔಷಧದ ವ್ಯಾಪ್ತಿಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಮಾತನ್ನು ನಂಬಿದ ರೋಗಿ ವೈದ್ಯರ ಬಳಿ ಹೋಗುವುದನ್ನು ಮುಂದೂಡಬಹುದು. ಹೊಸ ಎಣ್ಣೆಯನ್ನು ಮೊದಲು ಮೊಳಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಒಂದು ದಿನ ಕಾದು ನೋಡುವಂತೆ ಗಿರಾಕಿಗೆ ತಿಳಿಸುವುದು ಉತ್ತಮ. ಅಂಗಮರ್ದನದ ಸೇವೆ ನೀಡುವವರು ಪ್ರತಿಯೊಬ್ಬರಿಗೂ ಒಗೆದ ಬಟ್ಟೆ ಬಳಸಬೇಕು. ಜ್ವರ, ಗಾಯ, ಬಾವುಗಳಿದ್ದವರನ್ನು ವೈದ್ಯರಲ್ಲಿಗೆ ಕಳುಹಿಸಬೇಕು.

ಹಣದ ನೆರವಿಗೆ 2015ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಮುದ್ರಾ ಯೋಜನೆಯಿದೆ. ಅದರ ‘ಶಿಶು’ ವರ್ಗದಲ್ಲಿ 50,000 ರೂಪಾಯಿಗಳವರೆಗೆ ಆಧಾರವಿಲ್ಲದೆ ಬ್ಯಾಂಕ್ ಸಾಲ ದೊರೆಯುತ್ತದೆ. 2020ರಲ್ಲಿ ಆರಂಭವಾದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಸಾಲವೆಂದರೆ ಮರುಪಾವತಿಯ ಹೊಣೆ. ಎಣ್ಣೆ, ಸೀಸೆ, ಚೀಟಿ, ಸಾಗಣೆಗಳ ವೆಚ್ಚದೊಡನೆ ತಮ್ಮ ದುಡಿಮೆಯ ಕೂಲಿಯನ್ನೂ ಸೇರಿಸಿ ಬೆಲೆ ನಿಗದಿಪಡಿಸದವರು, ವ್ಯಾಪಾರ ಬೆಳೆದಷ್ಟೂ ನಷ್ಟಕ್ಕೊಳಗಾಗುತ್ತಾರೆ. ಮನೆಯ ಖರ್ಚು ಮತ್ತು ಅಂಗಡಿಯ ಲೆಕ್ಕಗಳನ್ನು ಬೇರೆಬೇರೆ ಪುಸ್ತಕಗಳಲ್ಲಿಡುವುದು ಮೊದಲ ದಿನದಿಂದಲೇ ರೂಢಿಯಾಗಬೇಕು.

ಒಂದೆರಡು ವಸ್ತುಗಳಿಂದ ಆರಂಭಿಸಿ, ಕೊಂಡವರು ಮತ್ತೆ ಕೇಳಿ ಬಂದಾಗ ಮಾತ್ರ ವಿಸ್ತರಿಸುವುದು ಜಾಣತನ. ದಣಿದವರಿಗೆ ವಿಶ್ರಾಂತಿ ನೀಡುವ ಈ ಕಾಯಕವು ನಡೆಸುವವರ ನಿದ್ದೆಗೆಡಿಸದಿರಬೇಕಾದರೆ ಅಳತೆ, ಲೆಕ್ಕ ಮತ್ತು ಮಾತು ಮೂರೂ ನೇರವಾಗಿರಬೇಕು.