ತೊಟ್ಟಿಲಿನ ಒಡೆಯರು ಯಾರು?

ಮಾಘ ಮಾಸದ ಭಾರತ ಹುಣ್ಣಿಮೆ ಬಂತೆಂದರೆ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳಿಂದಲೂ ಗಡಿಯಾಚೆಯ ಮಹಾರಾಷ್ಟ್ರದ ಊರುಗಳಿಂದಲೂ ಜನ ಕೂಡುತ್ತಾರೆ. ದೇವಿಗೆ ಕಾಯಿ ಒಡೆಸಿ, ಭಂಡಾರ ಹಚ್ಚಿಕೊಂಡು, ಬೆಂಡು-ಬತ್ತಾಸು ಕಟ್ಟಿಸಿಕೊಂಡ ಮೇಲೆ ಮಕ್ಕಳ ಕಣ್ಣು ಎಲ್ಲಿಗೆ ಹೋಗುತ್ತದೆ? ತಿರುಗುವ ತೊಟ್ಟಿಲಿನ ಕಡೆಗೆ. ಅದಕ್ಕೆ ಜಾಹೀರಾತು ಬೇಕಿಲ್ಲ. ಅದರ ಕಿರುಗುಟ್ಟುವ ಸದ್ದೇ ಜಾಹೀರಾತು. ಒಡೆಯನನ್ನು ಹುಡುಕಬೇಕಾಗಿಯೂ ಇಲ್ಲ. ಕೈಯಲ್ಲಿ ಚಿಲ್ಲರೆ ಹಿಡಿದು ಪಕ್ಕದಲ್ಲಿಯೇ ನಿಂತಿರುತ್ತಾನೆ. ಕಬ್ಬಿಣದ ಸರಳು ಸಡಿಲವಾಗಿದ್ದರೆ, "ಏನಪ್ಪಾ, ಇದನ್ನಷ್ಟು ಬಿಗಿ ಮಾಡು" ಎಂದು ಅವನಿಗೇ ಹೇಳಬಹುದು.

ಈಗ ಇನ್ನೊಂದು ಬಗೆಯ ತೊಟ್ಟಿಲು ಬಂದಿದೆ. ಶಾಲೆಯ ಪ್ರವಾಸದ ಚೀಟಿಯಲ್ಲಿ ಮೈಸೂರು, ಶ್ರೀರಂಗಪಟ್ಟಣಗಳ ಜತೆಗೆ ಬಿಡದಿಯ 'ವಂಡರ್‌ಲಾ' ಎಂಬ ಹೆಸರೂ ಕಂಡರೆ ಆಶ್ಚರ್ಯವಿಲ್ಲ. ನಮ್ಮ ಚಿಕ್ಕೋಡಿಯಿಂದ ಅದು ಐನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಚೀಟಿಗೆ ಸಹಿ ಹಾಕುವ ತಂದೆತಾಯಿಗಳು ಆ ಒಡೆಯನ ಮುಖವನ್ನು ಕಂಡವರಲ್ಲ. ಅವರು ಕಂಡದ್ದು ಹೆಸರನ್ನು, ಚಿತ್ರವನ್ನು. ಆದ್ದರಿಂದ ಹೆಸರಿನ ಹಿಂದೆ ಏನಿರುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ವೋಲ್ಟೇಜ್ ಸ್ಟೆಬಿಲೈಜರ್ ಮಾಡುವ ವೀ-ಗಾರ್ಡ್ ಉದ್ಯಮವನ್ನು ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು ಕೇರಳದಲ್ಲಿ 1977ರಲ್ಲಿ ಆರಂಭಿಸಿದರು. ಅವರೇ 2000ದಲ್ಲಿ ಕೊಚ್ಚಿಯ ಬಳಿ 'ವೀಗಾಲ್ಯಾಂಡ್' ಎಂಬ ವಿನೋದ ಉದ್ಯಾನವನ್ನು ತೆರೆದರು. 2005ರಲ್ಲಿ ಬಿಡದಿಯಲ್ಲಿ 'ವಂಡರ್‌ಲಾ' ತೆರೆಯಿತು. ಇವೆರಡೂ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿದ್ದವು. 2008ರಲ್ಲಿ ಕೊಚ್ಚಿಯ ಕಂಪನಿ ಬೆಂಗಳೂರಿನ ಕಂಪನಿಯಲ್ಲಿ ವಿಲೀನವಾಯಿತು. ಮುಂದೆ ವೀಗಾಲ್ಯಾಂಡ್ ಎಂಬ ಫಲಕ ಇಳಿದು 'ವಂಡರ್‌ಲಾ ಕೊಚ್ಚಿ' ಎಂಬುದು ಏರಿತು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ. ಇಲ್ಲಿ ಕಿರಿಯನ ಹೆಸರೇ ಹಿರಿಯನಿಗೆ ಬಂತು! 2014ರಲ್ಲಿ ಈ ಕಂಪನಿಯ ಷೇರುಗಳು ಪೇಟೆಗೆ ಬಂದವು. 2016ರಲ್ಲಿ ಹೈದರಾಬಾದಿನಲ್ಲಿ, 2024ರಲ್ಲಿ ಭುವನೇಶ್ವರದಲ್ಲಿ ಅದೇ ಹೆಸರಿನ ಉದ್ಯಾನಗಳು ತೆರೆದವು.

ಹೆಸರು ಒಂದಾದರೆ ಆಗುವ ಲಾಭ ಸ್ಪಷ್ಟ. ಒಂದೂರಲ್ಲಿ ಮಾಡಿದ ಪ್ರಚಾರ ನಾಲ್ಕೂರಿಗೆ ಸಲ್ಲುತ್ತದೆ. ನೋಡುವವರಿಗೆ ತೊಡಕಾಗುವುದೂ ಇಲ್ಲಿಯೇ. ಒಂದೇ ಹೆಸರೆಂದ ಮಾತ್ರಕ್ಕೆ ಎಲ್ಲ ಕಡೆಯೂ ಅವೇ ಆಟಗಳಿರಬೇಕೆಂದಿಲ್ಲ. ಚಿತ್ರದಲ್ಲಿ ಕಂಡದ್ದು ಯಾವ ಊರಿನದು? ನಿಮ್ಮ ಮಗುವಿನ ಎತ್ತರಕ್ಕೆ ಅದರಲ್ಲಿ ಪ್ರವೇಶ ಉಂಟೋ ಇಲ್ಲವೋ? ಒಂದು ರಾತ್ರಿಯ ಪ್ರಯಾಣ ಮಾಡಿ ಹೋದ ಕೂಸು, ಎರಡು ಬೆರಳು ಗಿಡ್ಡವೆಂಬ ಕಾರಣಕ್ಕೆ ಗೇಟಿನಲ್ಲಿ ನಿಂತು ಅಳುವಂತಾಗಬಾರದಷ್ಟೆ.

ಹೊರದೇಶದ ಒಂದು ಸಂಗತಿಯನ್ನೂ ನೋಡಿ. ಅಮೇರಿಕೆಯಲ್ಲಿ ಸೀಡರ್ ಫೇರ್ ಮತ್ತು ಸಿಕ್ಸ್ ಫ್ಲ್ಯಾಗ್ಸ್ ಎಂಬ ಎರಡು ದೊಡ್ಡ ಕಂಪನಿಗಳು 2024ರ ಜುಲೈ 1ರಂದು ಒಂದಾದವು. ಹೊಸ ಕಂಪನಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಸೀಡರ್ ಫೇರ್‌ನವರದು. ಉಳಿದ ಹೆಸರು ಮಾತ್ರ ಸಿಕ್ಸ್ ಫ್ಲ್ಯಾಗ್ಸ್. ಜನಕ್ಕೆ ಹೆಚ್ಚು ಪರಿಚಯವಿದ್ದ ಹೆಸರನ್ನೇ ಫಲಕಕ್ಕೆ ಇಟ್ಟುಕೊಂಡರೆನ್ನಬಹುದು. ಒಂದೇ ಪಾಸಿನಲ್ಲಿ ಹಲವು ಉದ್ಯಾನಗಳಿಗೆ ಹೋಗುವ ಅನುಕೂಲ ಬಂತು. ಆದರೆ 2025ರ ನವೆಂಬರ್ 2ರಂದು ಮೇರಿಲ್ಯಾಂಡಿನಲ್ಲಿದ್ದ ಅವರ ಉದ್ಯಾನ ಬಾಗಿಲು ಮುಚ್ಚಿತು. ಆ ಊರಿನವರಿಗೆ ಪಾಸು ಉಳಿಯಿತು, ತೊಟ್ಟಿಲು ದೂರವಾಯಿತು.

ಹಾಗಾದರೆ ಫಲಕ ಬದಲಾದಾಗ ಹೊಣೆ ಯಾರದು? ಇದಕ್ಕೆ ಕಾನೂನಿನಲ್ಲಿ ಉತ್ತರವಿದೆ. ಒಂದು ಕಂಪನಿ ಇನ್ನೊಂದರಲ್ಲಿ ಸೇರಿದಾಗ, ಆಸ್ತಿಯ ಜತೆಗೆ ಸಾಲ, ವ್ಯಾಜ್ಯ, ಕರಾರುಗಳೂ ಸಾಮಾನ್ಯವಾಗಿ ಹೊಸ ಒಡೆಯನ ಹೆಗಲಿಗೇ ಬರುತ್ತವೆ. ಮೊದಲು ಇಂಥ ವಿಲೀನಕ್ಕೆ ಹೈಕೋರ್ಟಿನ ಒಪ್ಪಿಗೆ ಬೇಕಿತ್ತು. 2016ರ ಕೊನೆಯಿಂದ ಈ ಕೆಲಸ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯದು. "ಅದು ಹಳೆಯ ಕಂಪನಿಯ ಮಾತು, ನಮಗೆ ಗೊತ್ತಿಲ್ಲ" ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಮರಳಿ ಬರಬೇಕಾಗಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರವು 10 ಲಕ್ಷ ರೂಪಾಯಿಯವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ನೀವು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಬಿಡದಿಯವರೆಗೆ ಅಲೆಯಬೇಕಿಲ್ಲ, ನಮ್ಮವರಿಗೆ ಬೆಳಗಾವಿಯೇ ಸಾಕು. ತೆತ್ತ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಪುರಾವೆ ಬೇಕು. ಟಿಕೇಟಿನ ಚೂರನ್ನು ಚುನಮುರಿಯ ಪೊಟ್ಟಣದ ಜತೆಗೆ ಎಸೆದು ಬಂದರೆ ಆಗದು.

ಆದುದರಿಂದ, ಮುಂದಿನ ಬಾರಿ ಪ್ರವಾಸದ ಚೀಟಿ ಮನೆಗೆ ಬಂದಾಗ ಮಗುವಿನ ಉತ್ಸಾಹಕ್ಕೆ ತಣ್ಣೀರೆರಚಬೇಡಿ. ಸಹಿ ಹಾಕುವ ಮೊದಲು ಮಾಸ್ತರರನ್ನು ಮೂರು ಮಾತು ಕೇಳಿ: ಈ ಆಟಗಳು ಇರುವುದು ಯಾವ ಊರಲ್ಲಿ? ಎಷ್ಟು ಎತ್ತರದವರಿಗೆ? ಟಿಕೇಟಿನ ಮೇಲೆ ಯಾರ ಹೆಸರಿದೆ? ಚಿಂಚಲಿಯ ಜಾತ್ರೆಯಲ್ಲಿ ಸರಳನ್ನು ಕೈಯಿಂದ ಅಲ್ಲಾಡಿಸಿ ನೋಡಿಯೇ ನೀವು ಮಗುವನ್ನು ಕೂರಿಸುತ್ತೀರಲ್ಲವೇ? ಇದೂ ಹಾಗೆಯೇ.