ಘಟ್ಟವೇರುವ ಕಾರು ಮತ್ತು ಒಂದು ಸಣ್ಣ ಫ್ಯೂಸು

(ತಿ. ನರಸೀಪುರದಲ್ಲಿ ಚಾಲಕರು, ವಿದ್ಯಾರ್ಥಿಗಳು ಹಾಗೂ ಬೆಟ್ಟದ ಊರುಗಳ ಗ್ರಾಮಸ್ಥರ ಮುಂದೆ ನೀಡಿದ ಉಪನ್ಯಾಸದ ಪಾಠ)



ಕಾವೇರಿ ಕಪಿಲೆಯರು ಕೂಡುವ ಈ ತಿರುಮಕೂಡಲಿನ ಮೂಲಕ ಮೈಸೂರಿನ ವಾಹನಗಳು ಕೊಳ್ಳೇಗಾಲ, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟವನ್ನೇರುತ್ತವೆ. ಅತ್ತ ನಂಜನಗೂಡಿನ ದಾರಿಯ ವಾಹನಗಳು ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡನ್ನು ಹೊಗುತ್ತವೆ. ಕಪ್ಪು ಹೊಗೆ ಉಗುಳುವ ಲಾರಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಪೆಟ್ರೋಲ್ ಕಾರು ಬಿಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಈ ಕಾಣದ ವಿಷಕ್ಕೂ ಬೆರಳ ತುದಿಯಷ್ಟು ಸಣ್ಣ ಫ್ಯೂಸಿಗೂ ಇರುವ ನಂಟೇ ಇಂದಿನ ವಿಷಯ.

ಒಂದು ಗ್ರಾಂ ಪೆಟ್ರೋಲ್ ಸಂಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಅಳತೆ ತಪ್ಪಿತೇ ಎಂಬುದನ್ನು ಹೊಗೆಕೊಳವೆಯಲ್ಲಿ ಕುಳಿತು ನೋಡುವುದೇ ಆಕ್ಸಿಜನ್ ಸೆನ್ಸರ್. 1976ರಲ್ಲಿ ಬಾಷ್ ಕಂಪನಿಯ ಇಂಥ ಸೆನ್ಸರ್ ವೋಲ್ವೋ ಕಾರುಗಳಲ್ಲಿ ಮೊದಲಿಗೆ ಬಳಕೆಗೆ ಬಂದಿತು. ಪೆಟ್ರೋಲಿನ ಸೀಸವು ಸೆನ್ಸರನ್ನೂ, ವಿಷಾನಿಲಗಳನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುತ್ತದೆ. ಭಾರತದ ನಾಲ್ಕು ಮಹಾನಗರಗಳಲ್ಲಿ 1995ರ ಏಪ್ರಿಲ್‌ನಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ದೊರೆಯಿತು.

ಸಾಮಾನ್ಯ ಜಿರ್ಕೋನಿಯಾ ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದ ನಂತರವೇ ಕೆಲಸಕ್ಕೆ ತೊಡಗುತ್ತದೆ. ಆಮೇಲೆ ಪೆಟ್ರೋಲ್ ಹೆಚ್ಚಾದರೆ 0.9 ವೋಲ್ಟ್‌ನ ಸಮೀಪ, ಗಾಳಿ ಹೆಚ್ಚಾದರೆ 0.1 ವೋಲ್ಟ್‌ನ ಸಮೀಪ ಸಂಕೇತ ನೀಡುತ್ತದೆ. ಬೇಗ ಕಾಯಲೆಂದು, ಇಳಿಜಾರಿನಲ್ಲಿಯೂ ತಣ್ಣಗಾಗದಿರಲೆಂದು ಅದರೊಳಗೆ ಒಂದು ಹೀಟರ್ ಇಟ್ಟಿರುತ್ತಾರೆ. ಆದ್ದರಿಂದಲೇ ನಾಲ್ಕು ತಂತಿಗಳು: ಎರಡು ಹೀಟರಿಗೆ, ಒಂದು ಸಂಕೇತಕ್ಕೆ, ಒಂದು ಸಂಕೇತದ ಅರ್ಥಿಂಗಿಗೆ.

ಹಳೆಯ ಸೆನ್ಸರ್ ಕೆಟ್ಟಾಗ ಬೇರೆ ತಯಾರಕರ ಸೆನ್ಸರನ್ನು ತಂತಿ ಕತ್ತರಿಸಿ ಜೋಡಿಸುವುದುಂಟು. ಅಲ್ಲಿ ಬಣ್ಣವನ್ನೇ ನಂಬಿದರೆ ಅಪಾಯ. ಒಂದು ತಯಾರಿಕೆಯಲ್ಲಿ ಎರಡು ಬಿಳಿ ತಂತಿಗಳು ಹೀಟರಿನವು, ಕಪ್ಪು ಸಂಕೇತದ್ದು. ಮತ್ತೊಂದರಲ್ಲಿ ಎರಡು ಕಪ್ಪು ತಂತಿಗಳೇ ಹೀಟರಿನವು. ತಪ್ಪಿ 12 ವೋಲ್ಟ್ ಸಂಕೇತದ ತಂತಿಗೆ ಹರಿದರೆ ಎಂಜಿನ್ನಿನ ಕಂಪ್ಯೂಟರೇ ಸುಡಬಹುದು. ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಿ, ಎರಡೂ ಕಡೆಯ ನಕ್ಷೆ ನೋಡಿ, ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಹೀಟರಿನ ಎರಡು ತಂತಿಗಳ ನಡುವೆ ಕೆಲವೇ ಓಮ್ ರೋಧ ಕಾಣುತ್ತದೆ. ಕೆಲವು ಸೆನ್ಸರುಗಳು ತಂತಿಯ ಎಳೆಗಳ ನಡುವಿನಿಂದಲೇ ಹೊರಗಾಳಿಯನ್ನು ಪಡೆಯುವುದರಿಂದ ಬೆಸುಗೆ ಹಾಕದೆ, ಜೊತೆಗೆ ಬಂದ ಒತ್ತುಜೋಡಣೆಗಳನ್ನೇ ಬಳಸುವುದು ಲೇಸು. ಬಿಸಿ ಕೊಳವೆಗೆ ತಂತಿ ತಾಗಬಾರದು.

ಇನ್ನು ಫ್ಯೂಸು. ಕಾರಿನ ಮೂಲ ಹೀಟರ್ ಸರ್ಕಿಟ್ಟಿಗೆ ಫ್ಯೂಸು ಇದ್ದೇ ಇರುತ್ತದೆ. ಹೊಸ ಸೆನ್ಸರನ್ನು ಅದಕ್ಕೇ ಜೋಡಿಸಬೇಕು, ಬ್ಯಾಟರಿಯಿಂದ ನೇರ ತಂತಿ ಎಳೆಯಬಾರದು. ಬೇರೆ ತಂತಿ ಅನಿವಾರ್ಯವಾದರೆ ಇಗ್ನಿಷನ್ ಕೀಲಿಯೊಂದಿಗೆ ಚಾಲೂ ಆಗುವ ರಿಲೇಯಿಂದ ತೆಗೆದು, ವಿದ್ಯುತ್ ಹೊರಡುವ ತುದಿಯ ಹತ್ತಿರವೇ ಫ್ಯೂಸು ಕೂರಿಸಬೇಕು. ತಣ್ಣಗಿರುವಾಗ ಹೀಟರ್ ಹೆಚ್ಚು ವಿದ್ಯುತ್ ಎಳೆದು, ಕಾದಂತೆ ಸುಮಾರು ಒಂದು ಆಂಪಿಯರಿಗೆ ಇಳಿಯುತ್ತದೆ. ಫ್ಯೂಸು ಆ ಮೊದಲ ಸೆಳೆತವನ್ನು ತಾಳಬೇಕು. ಆದರೆ ತಂತಿ ಕಾಯುವ ಮೊದಲೇ ತಾನು ಕರಗಬೇಕು. ಎಷ್ಟು ಆಂಪಿಯರ್ ಎಂಬುದನ್ನು ಕಾರಿನ ಕೈಪಿಡಿ ಹೇಳುತ್ತದೆ. ಕೆಂಪು 10, ನೀಲಿ 15, ಹಳದಿ 20. ಕೆಂಪು ಸುಟ್ಟಿತೆಂದು ಹಳದಿ ಹಾಕುವುದು, ತಾಮ್ರದ ಎಳೆ ಸುತ್ತುವುದು, ಕಾವಲುಗಾರನ ಬಾಯಿ ಕಟ್ಟಿದಂತೆ. ಫ್ಯೂಸು ಸುಡುವುದು ದೋಷವಲ್ಲ, ದೋಷದ ಸುದ್ದಿ. ಆ ಸುದ್ದಿಯನ್ನು ಅಡಗಿಸಿದರೆ ಮುಂದೆ ಉರಿಯುವುದು ತಂತಿ. ಬೇಸಿಗೆಯ ಘಟ್ಟದಲ್ಲಿ ಉರಿಯುವ ಕಾರಿನ ಪಕ್ಕದಲ್ಲಿರುವುದು ಒಣಹುಲ್ಲು.

ಹಾಗೆಂದು ಸುಟ್ಟ ಫ್ಯೂಸನ್ನು ಹಾಗೆಯೇ ಬಿಡುವುದೂ ತರವಲ್ಲ. ಹೀಟರಿಲ್ಲದ ಸೆನ್ಸರ್ ತಡವಾಗಿ ಎಚ್ಚರಗೊಳ್ಳುತ್ತದೆ. ಅಲ್ಲಿಯವರೆಗೆ ಎಂಜಿನ್ ಅಳತೆಯಿಲ್ಲದೆ, ಊಹೆಯ ಮೇಲೆ ಪೆಟ್ರೋಲ್ ಸುರಿಯುತ್ತದೆ. ಕಾರು ಮಾತ್ರ ಎಂದಿನಂತೆಯೇ ಓಡುತ್ತದೆ. ಕಿಸೆಯ ಹಣ ಕರಗುತ್ತದೆ, ಕನ್ವರ್ಟರ್ ಹಾಳಾಗುತ್ತದೆ, ವಿಷವು ದಾರಿಬದಿಯ ಊರಿನ ಉಸಿರಿಗೆ ಸೇರುತ್ತದೆ. ಕಾರ್ಬ್ಯುರೇಟರಿನ ಹಳೆಯ ಕಾರಿನಲ್ಲಿ ಸಂಕೇತ ಓದುವ ಕಂಪ್ಯೂಟರೇ ಇಲ್ಲವಾದ್ದರಿಂದ ಬರಿಯ ಸೆನ್ಸರ್ ಕೂರಿಸಿ ಹೊಗೆ ಶುದ್ಧವಾಯಿತೆಂದು ನಂಬುವುದು ಭ್ರಮೆ.

ಚಾಲಕ ಬಂಧುಗಳು ಎಂಜಿನ್ ದೀಪ ಹೊತ್ತಿದಾಗ ಅದನ್ನು ಅಲಕ್ಷಿಸದಿರಲಿ. ಫ್ಯೂಸು ಸುಟ್ಟರೆ ಅದು ಸುಟ್ಟದ್ದೇಕೆ ಎಂದು ಗ್ಯಾರೇಜಿನಲ್ಲಿ ಕೇಳಲಿ. ವಿದ್ಯಾರ್ಥಿಗಳು ಮಲ್ಟಿಮೀಟರ್ ಹಿಡಿಯಲು ಕಲಿಯಲಿ. ಬೆಟ್ಟವನ್ನು ಕಾಯುವ ಕೆಲಸದಲ್ಲಿ ಸಸಿ ನೆಡುವುದು ಒಂದು ಪಾಲಾದರೆ, ತಾನು ಓಡಿಸುವ ಯಂತ್ರವನ್ನು ಅರಿತು ಸರಿಯಾಗಿಡುವುದು ಇನ್ನೊಂದು ಪಾಲು.