ಬೆಂಗಳೂರು ನಗರ ಜಿಲ್ಲೆ: ನೆಲ, ಉದ್ಯಮ ಮತ್ತು ಪ್ರವಾಸಿ ತಾಣಗಳು
(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸ)



1986ರಲ್ಲಿ ಹಳೆಯ ಬೆಂಗಳೂರು ಜಿಲ್ಲೆಯ ವಿಭಜನೆಯಿಂದ ನಗರ ಜಿಲ್ಲೆಯು ರೂಪುಗೊಂಡಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲದಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಮಳೆನೀರನ್ನು ಕೆರೆಯಿಂದ ಕೆರೆಗೆ ಹರಿಸಿಯೇ ಹಿರಿಯರು ಬಾಳಿದರು.

ತುಮಕೂರು ರಸ್ತೆಯ ಮಾಕಳಿಯನ್ನೇ ನೋಡಬಹುದು. ನಗರದ ಕಡೆಗೆ ಪೀಣ್ಯ ಕೈಗಾರಿಕಾ ಪ್ರದೇಶ. ಸಮೀಪದ ಮಾದಾವರದಲ್ಲಿ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ. 2024ರಲ್ಲಿ ಮೆಟ್ರೊ ಕೂಡ ಮಾದಾವರ ತಲುಪಿತು. ಇದೇ ಭಾಗದಲ್ಲಿ, ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಹೆಸರಘಟ್ಟದಿಂದ ತಿಪ್ಪಗೊಂಡನಹಳ್ಳಿಯತ್ತ ಸಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಹೆಸರಘಟ್ಟವೂ 1933ರಿಂದ ತಿಪ್ಪಗೊಂಡನಹಳ್ಳಿಯೂ ರಾಜಧಾನಿಗೆ ನೀರುಣಿಸಿದವು. ಮುಂದೆ ಒಳಹರಿವು ಕುಗ್ಗಿತು, ನೀರು ಮಲಿನವಾಯಿತು. ನಗರವು ದೂರದ ಕಾವೇರಿಗೆ ಕೈಚಾಚಿತು.

ಹೆಸರಘಟ್ಟದ ಹುಲ್ಲುಗಾವಲು, ನೃತ್ಯಗ್ರಾಮ, ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರ ಇವು ಪ್ರವಾಸಿಗರನ್ನು ಸೆಳೆಯುತ್ತಿವೆ. ಇವುಗಳ ಚೆಲುವಿಗೂ ಕಾರ್ಖಾನೆಯ ಯಂತ್ರಕ್ಕೂ ನೀರೇ ಆಧಾರ.

ಆದುದರಿಂದ ಕಾರ್ಖಾನೆಯ ಅಥವಾ ಕಟ್ಟಡದ ಅರ್ಜಿಯು ಸಭೆಯ ಮುಂದೆ ಬಂದಾಗ, ಸದಸ್ಯರು ಮೊದಲು ಗ್ರಾಮ ನಕ್ಷೆಯನ್ನು ತೆರೆದು ಕೆರೆಯಂಗಳವೆಲ್ಲಿ, ರಾಜಕಾಲುವೆಯೆಲ್ಲಿ ಎಂದು ಗುರುತಿಸಬೇಕು. ತ್ಯಾಜ್ಯ ನೀರು ಎಲ್ಲಿಗೆ ಹೋಗುವುದೆಂದು ಕೇಳಬೇಕು. ಉದ್ಯಮವು ಬೇರೆಡೆ ನೆಲೆ ಕಂಡುಕೊಳ್ಳಬಲ್ಲದು; ಮುಚ್ಚಿಹೋದ ಕಾಲುವೆಗೆ ಬೇರೆ ದಾರಿಯಿಲ್ಲ.